ಮಗಳಿಗೆ ನಾನು ಕೊಟ್ಟ ನೂರಕ್ಕೆ ನಾಲ್ಕು

ಒಬ್ಬ ಮನುಷ್ಯನ ಯೋಗ್ಯತೆ ಅಳೆಯಲು ನನಗೆ ಹದಿನೆಂಟು ನಿಮಿಷ ಸಾಕು. ಇದು ಜಂಬವಲ್ಲ, ನನ್ನ ಉದ್ಯೋಗ. ಅಮೆರಿಕದ ಡುಲೂತ್ ಊರಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಡ್ರೈವಿಂಗ್ ಲೈಸೆನ್ಸ್ ಪರೀಕ್ಷಕನಾಗಿರುವ ಹಾರ್ಲನ್ ಓಸ್ಗಾರ್ಡ್ ಎಂಬ ನಾನು, ಜನ ಎಡಕ್ಕೆ ತಿರುಗುವ ರೀತಿ ನೋಡಿಯೇ ಅವರ ಭೂತ, ವರ್ತಮಾನ, ಭವಿಷ್ಯಗಳನ್ನು ಹೇಳಬಲ್ಲೆ. (ನನ್ನ ಹೆಂಡತಿ ಮಾರ್ಲಿಸ್ ಹೇಳುವಂತೆ ನಾನು ಮನೆಯಲ್ಲೂ ಪಕ್ಕದ ಸೀಟಿನವನೇ. ಸ್ಟಿಯರಿಂಗ್ ಇಲ್ಲ, ಬ್ರೇಕ್ ಇಲ್ಲ, ಬಾಯಿ ಮಾತ್ರ ಇದೆ.)

ಹೀಗಿರುವಾಗ ನಮ್ಮ ಒಬ್ಬಳೇ ಮಗಳು ಸುನ್ನಿವಾ, ಹೈಸ್ಕೂಲಿನ ಕೊನೆಯ ವರ್ಷದಲ್ಲಿ, ಊಟದ ಮೇಜಿನ ಮೇಲೆ ಬಾಂಬು ಹಾಕಿದಳು. ಪೂರ್ವ ಕರಾವಳಿಯ ಒಂದು ಮಹಾ ಕಾಲೇಜಿಗೆ ಅರ್ಜಿ ಹಾಕುತ್ತಾಳಂತೆ. ನೂರು ಜನ ಬಾಗಿಲು ತಟ್ಟಿದರೆ ಐದು ಜನರನ್ನು ಒಳಗೆ ಬಿಡುವ ಕಾಲೇಜು ಅದು.

"ಮೊದಲು ಚಾನ್ಸ್ ಎಷ್ಟಿದೆ ಅಂತ ನೋಡೋಣ," ಅಂದೆ.

"ಯಾಕಪ್ಪಾ? ಅರ್ಜಿ ಹಾಕ್ತೀನಿ. ಸಿಕ್ಕರೆ ಹೋಗ್ತೀನಿ. ಸಿಗದಿದ್ರೆ ಇಲ್ಲೇ ನಮ್ಮೂರ ಕಾಲೇಜಿದೆ."

ಇಷ್ಟು ಸಲೀಸಾಗಿ ಬದುಕುವವರನ್ನು ಕಂಡರೆ ನನಗೆ ಆಗುವುದಿಲ್ಲ. ಮರುದಿನವೇ ಶಾಲೆಯ ಸಲಹೆಗಾರ್ತಿಯ ಬಳಿ ಹೋದೆ. ನಾನೂರು ಮಕ್ಕಳಿಗೆ ಒಬ್ಬರೇ ಇರುವ ಆ ತಾಯಿ ಫೈಲು ತಿರುವಿ, "ಅಸಾಧ್ಯವೇನಲ್ಲ," ಅಂದರು. ಅಸಾಧ್ಯವೇನಲ್ಲ! ಅದೂ ಒಂದು ಅಂಕಿಯೇ?

ಆಗ ಸಿಕ್ಕಿದ್ದು ಇಂಟರ್ನೆಟ್ಟಿನ ಒಂದು ಮಹಾಸಭೆ. ಅಲ್ಲಿ ಮಕ್ಕಳ ಅಂಕ, ಆಟ, ಹವ್ಯಾಸಗಳನ್ನೆಲ್ಲ ಬರೆದರೆ, ಮುಖ ಮೂತಿ ಗೊತ್ತಿಲ್ಲದ ಜನ ಆ ಮಗುವಿಗೆ ಯಾವ ಕಾಲೇಜು ಸಿಗುತ್ತದೆ ಎಂದು ಜಾತಕ ಹೇಳುತ್ತಾರೆ. ಮಗಳ ಹೆಸರು ಮುಚ್ಚಿಟ್ಟು ಎಲ್ಲವನ್ನೂ ಬರೆದೆ: ಒಂದೇ ಒಂದು ಬಿ ಗ್ರೇಡು ಬಿಟ್ಟರೆ ಉಳಿದದ್ದೆಲ್ಲ ಎ, ಅಕಾರ್ಡಿಯನ್ ನುಡಿಸುತ್ತಾಳೆ, ಭಾನುವಾರ ವೃದ್ಧಾಶ್ರಮದಲ್ಲಿ ಬಿಂಗೋ ಆಡಿಸುತ್ತಾಳೆ.

ಅರ್ಧ ಗಂಟೆಯಲ್ಲಿ ತೀರ್ಪು ಬಂತು. "ಸಾಧಾರಣ." "ಆ ಬಿ ಯಾಕೆ ಬಂತು?" "ಇಂಥವರು ನಮ್ಮ ಬೀದಿಯಲ್ಲೇ ಆರು ಜನ ಇದ್ದಾರೆ." ಒಬ್ಬ ಪುಣ್ಯಾತ್ಮನಂತೂ, "ಬಿಂಗೋ ಬೇಡ, ಏನಾದರೂ ರೋಗಕ್ಕೆ ಔಷಧಿ ಕಂಡುಹಿಡಿಯಲಿ," ಎಂದು ಬರೆದಿದ್ದ.

ಈ ಎಲ್ಲ ಜ್ಞಾನವನ್ನು ಕಡೆದು, ಬೆಣ್ಣೆ ತೆಗೆದು, ಫ್ರಿಜ್ಜಿನ ಬಾಗಿಲಿಗೆ ಒಂದು ಚಾರ್ಟು ಅಂಟಿಸಿದೆ. ಕೊನೆಯ ಸಾಲಿನಲ್ಲಿ ಕೆಂಪು ಶಾಯಿಯಲ್ಲಿ: ನೂರಕ್ಕೆ ನಾಲ್ಕು.

"ಹೆತ್ತ ಮಗಳಿಗೆ ನಾಲ್ಕು ಅಂತ ಬರೆಯೋಕೆ ನಿಂಗೆ ಕೈ ಹೇಗೆ ಬಂತು?" ಎಂದಳು ಮಾರ್ಲಿಸ್.

"ಮೂರೂವರೆ ಇತ್ತು. ತಂದೆ ಅನ್ನೋ ಮಮಕಾರಕ್ಕೆ ಅರ್ಧ ಸೇರಿಸಿದೀನಿ."

ಸುನ್ನಿವಾ ಚಾರ್ಟು ಓದಿ, ಹಾಲು ತೆಗೆದುಕೊಂಡು, ಬಾಗಿಲು ಮುಚ್ಚಿ ಹೋದಳು. ಆ ಬಾಗಿಲು ಮಾತ್ರ ಅಗತ್ಯಕ್ಕಿಂತ ಜೋರಾಗಿ ಮುಚ್ಚಿತು.

ಜನವರಿಯಲ್ಲಿ, ಮಂಜು ಮೊಣಕಾಲುದ್ದ ಬಿದ್ದಿದ್ದ ಒಂದು ಸೋಮವಾರ, ಎಪ್ಪತ್ತಾರು ವರ್ಷದ ಒಬ್ಬ ಮಹಿಳೆ ನನ್ನ ಪರೀಕ್ಷೆಗೆ ಬಂದರು. ಹೆಸರು ಮಿಸೆಸ್ ಪೆಟ್ಟಿಬೋನ್. ಅಂಚೆ ಪೆಟ್ಟಿಗೆಯೊಂದಕ್ಕೆ ಕಾರು ಗುದ್ದಿದ್ದಕ್ಕೆ ಮತ್ತೆ ಪರೀಕ್ಷೆ ಕೊಡಬೇಕಾಗಿತ್ತು. (ಪೆಟ್ಟಿಬೋನರಿಂದ ಪೆಟ್ಟು ತಿಂದ ಪೆಟ್ಟಿಗೆ!) ಎಡಕ್ಕೆ ತಿರುಗುವಾಗ ಅವರು ಹಿಂದೆ ನೋಡಲಿಲ್ಲ, ಪಕ್ಕ ನೋಡಲಿಲ್ಲ, ನನ್ನ ಮುಖ ಮಾತ್ರ ನೋಡಿದರು. ಫೇಲ್ ಮಾಡಿದೆ.

ಗುರುವಾರ ಸುನ್ನಿವಾಳ ಸಂದರ್ಶನ. ಆ ಕಾಲೇಜಿನ ಹಳೆಯ ವಿದ್ಯಾರ್ಥಿಯೊಬ್ಬರು ಲೈಬ್ರರಿಯಲ್ಲಿ ಅವಳೊಂದಿಗೆ ಮಾತಾಡಿ ಕಾಲೇಜಿಗೆ ವರದಿ ಕಳಿಸುವ ಏರ್ಪಾಡು. ಮುಕ್ಕಾಲು ಗಂಟೆಗೆಂದು ಹೋದವಳು ಮೂರು ಗಂಟೆ ಬಿಟ್ಟು ಬಂದಳು.

"ಯಾಕಿಷ್ಟು ತಡ?"

"ಅವರನ್ನ ಮನೆಗೆ ಬಿಟ್ಟು ಬಂದೆ ಅಪ್ಪಾ. ಪಾಪ, ಬಸ್ಸಲ್ಲಿ ಬಂದಿದ್ರು. ಲೈಸೆನ್ಸ್ ಆಫೀಸಲ್ಲಿ ಯಾವನೋ ಸಿಡುಕು ಮೂತಿಯವನು ಫೇಲ್ ಮಾಡಿದ್ನಂತೆ."

ನನ್ನ ಬಲಗಾಲು ನೆಲದಲ್ಲಿ ಇಲ್ಲದ ಬ್ರೇಕನ್ನು ಒತ್ತಿತು. "ಯಾವನು ಅಂತ... ಹೆಸರು ಹೇಳಿದ್ರಾ?"

"ಹೆಸರು ಗೊತ್ತಿಲ್ವಂತೆ. ಮೀಸೆ ಮಾತ್ರ ಸಾಯೋವರೆಗೂ ಮರೆಯಲ್ವಂತೆ."

ನಾನು ಕರವಸ್ತ್ರದಿಂದ ಮೂಗಿನ ಕೆಳಭಾಗವನ್ನೆಲ್ಲ ಮುಚ್ಚಿಕೊಂಡು ಬಾತ್‌ರೂಮಿಗೆ ನಡೆದೆ. ಬಾಗಿಲ ಹೊರಗೆ ಮಾರ್ಲಿಸ್‌ಳ ನಗು ಕೇಳುತ್ತಿತ್ತು. "ಏನ್ ಹಾರ್ಲನ್, ಈಗ ಎಷ್ಟು? ನಾಲ್ಕೋ, ಸೊನ್ನೆಯೋ?"

ಶನಿವಾರ, ನುಣ್ಣಗೆ ಬೋಳಿಸಿದ ಮುಖ ಹೊತ್ತು, ಕೈಯಲ್ಲಿ ಬ್ಲೂಬೆರ್ರಿ ಹಣ್ಣು ತುಂಬಿದ ಪೈ ಹಿಡಿದು ಮಿಸೆಸ್ ಪೆಟ್ಟಿಬೋನರ ಮನೆಯ ಗಂಟೆ ಒತ್ತಿದೆ. ಬಾಗಿಲು ತೆರೆಯಿತು.

"ಮೀಸೆ ಏನಾಯ್ತು?" ಎಂದರು ಅವರು.

ಇಪ್ಪತ್ತೆಂಟು ವರ್ಷ ಸಾಕಿದ ಮೀಸೆ ಬೋಳಿಸಿದ್ದು ಎರಡು ಸೆಕೆಂಡೂ ಉಪಕಾರಕ್ಕೆ ಬರಲಿಲ್ಲ. ಒಳಗೆ ಕೂರಿಸಿದರು. ನಾನು ಸುನ್ನಿವಾಳ ತಂದೆಯೆಂದು ತೊದಲಿದೆ. ಅವರ ಹುಬ್ಬು ಮೇಲೇರಿತು.

"ಓಹೋ. ಒಂದು ಪ್ರಶ್ನೆ ಕೇಳ್ತೀನಿ, ನೇರವಾಗಿ ಹೇಳಿ. ನಾಳೆ ನಾನು ಮತ್ತೆ ಪರೀಕ್ಷೆಗೆ ಬಂದ್ರೆ ಪಾಸ್ ಮಾಡ್ತೀರಾ?"

ಓದುಗರೇ, ಆ ಒಂದು ನಿಮಿಷ ನನ್ನ ಬದುಕಿನ ಅತ್ಯಂತ ಉದ್ದದ ನಿಮಿಷ. 'ಅದಕ್ಕೇನಂತೆ' ಎಂಬ ಒಂದೇ ಮಾತು ನಾಲಿಗೆಯ ತುದಿಯಲ್ಲಿ ನಿಂತಿತ್ತು. ಮಗಳ ಮುಖ ಕಣ್ಣಮುಂದೆ ಬಂತು. ಜೊತೆಗೆ, ನಮ್ಮ ಊರಿನ ಇಳಿಜಾರು ರಸ್ತೆಗಳಲ್ಲಿ ಜಾರುಬಂಡಿ ಆಡುವ ಮಕ್ಕಳೂ ಬಂದರು.

"ಇಲ್ಲ ಮೇಡಂ," ಅಂದೆ. ದನಿ ನನ್ನದೇ ಎಂದು ನಂಬಲಾಗಲಿಲ್ಲ. "ಎಡಕ್ಕೆ ತಿರುಗುವಾಗ ನೀವು ಹೆಗಲ ಹಿಂದೆ ನೋಡೋದೇ ಇಲ್ಲ. ಕಲಿಯೋವರೆಗೂ ಪಾಸ್ ಮಾಡೋಕಾಗಲ್ಲ."

ಅವರು ಎದ್ದು ಚಾಕು ತಂದರು. (ನಾನು ಕುರ್ಚಿಯ ತುದಿಗೆ ಸರಿದೆ.) ಪೈ ಕತ್ತರಿಸಿ ದೊಡ್ಡ ತುಂಡನ್ನು ನನ್ನ ತಟ್ಟೆಗೆ ಹಾಕಿದರು.

"ವರದಿ ಗುರುವಾರವೇ ಕಳಿಸಿ ಆಯ್ತು ಮಿಸ್ಟರ್ ಓಸ್ಗಾರ್ಡ್. ಏನು ಕಂಡೆನೋ ಅದನ್ನೇ ಬರೆದೆ. ಮೂವತ್ತೊಂದು ವರ್ಷದಿಂದ ಬರೀತಿದೀನಿ, ಯಾರಾದ್ರೂ ಓದ್ತಾರೋ ಇಲ್ವೋ ಆ ದೇವರಿಗೇ ಗೊತ್ತು."

"ಹಾಗಾದ್ರೆ... ಅವಳ ಚಾನ್ಸ್ ಎಷ್ಟಿರಬಹುದು ಅಂತೀರಾ?"

"ಅದನ್ನ ನಾನೇನು ಬಲ್ಲೆ? ಅವಳ ಜೊತೆ ಮಾತಾಡ್ತಾ ನನ್ನ ಕಾಫಿ ಆರಿಹೋಯ್ತು. ನನಗೆ ಗೊತ್ತಿರೋದು ಇಷ್ಟೇ."

ಕಾಫಿ ಆರಿದ್ದಕ್ಕೆ ಚಾರ್ಟಿನಲ್ಲಿ ಕಾಲಮ್ಮು ಇರಲಿಲ್ಲ. ಆದ್ದರಿಂದ ನಾಲ್ಕನ್ನು ನಾಲ್ಕಾಗಿಯೇ ಬಿಟ್ಟೆ.

ಮಾರ್ಚ್ ಕೊನೆಯ ವಾರ, ಸಂಜೆ ಆರಕ್ಕೆ ಫಲಿತಾಂಶ. ಮಗಳು ತನ್ನ ಕೋಣೆಯಲ್ಲಿ ಒಬ್ಬಳೇ ನೋಡುತ್ತೇನೆಂದು ಬಾಗಿಲು ಹಾಕಿಕೊಂಡಳು. ನಾನು ಅಡುಗೆಮನೆಯಲ್ಲಿ ಸಾಂತ್ವನದ ಭಾಷಣ ಹಿಡಿದು ನಿಂತೆ. ಮೂರು ಪುಟ. ಮೇಲಿನಿಂದ ಒಂದು ಚೀತ್ಕಾರ ಕೇಳಿತು. ಅವಳು ದಡದಡ ಇಳಿದು ಬಂದಳು, ಕಣ್ಣು ತುಂಬ ನೀರು.

"ಮಗಳೇ," ಎಂದು ಮೊದಲ ಪುಟದಿಂದ ಶುರುಮಾಡಿದೆ, "ಜೀವನದಲ್ಲಿ ಬಾಗಿಲುಗಳು ಮುಚ್ಚುವುದು ಸಹಜ. ಅಬ್ರಹಾಂ ಲಿಂಕನ್ ಅವರು ಕೂಡ—"

"ಅಪ್ಪಾ, ಸಿಕ್ತು!"

"—ಅನೇಕ ಚುನಾವಣೆಗಳಲ್ಲಿ ಸೋತು—"

"ಹಾರ್ಲನ್!" ಮಾರ್ಲಿಸ್ ನನ್ನ ಕೈಯಿಂದ ಕಾಗದ ಕಿತ್ತುಕೊಂಡಳು. "ಸೀಟು ಸಿಕ್ಕಿದೆ ಕಣೋ!"

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮಗಳನ್ನು ತಬ್ಬಿಕೊಂಡು ಎಷ್ಟು ಅತ್ತೆನೆಂದರೆ, ಕೊನೆಗೆ ಆ ಮೂರು ಪುಟಗಳಲ್ಲಿ ಒಂದನ್ನು ಮೂಗೊರೆಸಲು ಅವಳೇ ಕೊಟ್ಟಳು.

ಏಪ್ರಿಲ್ಲಿನಲ್ಲಿ ಮಂಜು ಕರಗಿತು, ಮಿಸೆಸ್ ಪೆಟ್ಟಿಬೋನ್ ಮತ್ತೆ ಪರೀಕ್ಷೆಗೆ ಬಂದರು. ಎಡಕ್ಕೆ ತಿರುಗುವಾಗ ಕನ್ನಡಿ, ಹೆಗಲ ಹಿಂದೆ, ಮತ್ತೆ ಕನ್ನಡಿ. ಇಳಿಜಾರಿನಲ್ಲಿ ಕಾರು ಬೆಕ್ಕಿನಂತೆ ನಿಂತಿತು. ಎಷ್ಟು ಹುಡುಕಿದರೂ ಕಳೆಯಲು ಸಿಕ್ಕಿದ್ದು ನಾಲ್ಕು ಅಂಕ.

"ಮೇಡಂ, ನಿಮಗೆ ಕಲಿಸಿದ್ದು ಯಾರು? ಆ ಮಹಾಗುರುವನ್ನ ನಾನೊಮ್ಮೆ ನೋಡಬೇಕಲ್ಲ!"

"ನಿಮ್ಮ ಮಗಳು. ವರದಿ ಕಳಿಸಿದ ಮೇಲೆ ಶುರುವಾಯ್ತು, ಪ್ರತಿ ಶನಿವಾರ. ಪಕ್ಕದಲ್ಲಿ ಲೈಸೆನ್ಸ್ ಇರೋ ದೊಡ್ಡವರು ಕೂರಬೇಕು ಅಂತ ಕಾನೂನಿದೆಯಲ್ಲ, ನಿಮ್ಮ ಹೆಂಡತಿ ಕೂತ್ಕೊಳ್ತಿದ್ರು. ಹಿಂದಿನ ಸೀಟಿಂದ ಪಾಠ ಸುನ್ನಿವಾಳದು. ಒಂದು ಸಲಾನೂ ಕಿರುಚಲಿಲ್ಲ ನೋಡಿ."

ಚರ್ಚಿನ ಗಾಯನ ಅಭ್ಯಾಸವೆಂದು ತಾಯಿ ಮಗಳು ಮೂರು ತಿಂಗಳು ಹೊರಟಿದ್ದು ಇದಕ್ಕೆ! ಮನೆಗೆ ಬಂದು ಕೇಳಿದರೆ ಮಾರ್ಲಿಸ್ ತಣ್ಣಗೆ, "ನಿಂಗೆ ಹೇಳಿದ್ರೆ ಅದಕ್ಕೂ ಎಷ್ಟು ಚಾನ್ಸ್ ಅಂತ ಬರೀತಿದ್ದೆ," ಅಂದಳು. ಸುನ್ನಿವಾ ಮಾತ್ರ ನನ್ನ ತೋಳು ಹಿಡಿದು, "ಅವರಿಗೆ ಇಲ್ಲ ಅಂತ ಹೇಳಿ ಬಂದ್ಯಂತಲ್ಲ ಅಪ್ಪಾ. ನನಗೋಸ್ಕರನೂ ಸುಳ್ಳು ಹೇಳಲಿಲ್ಲ. ನಂಗೆ ಅದು ಇಷ್ಟ ಆಯ್ತು," ಎಂದಳು. ನಾನು ಫ್ರಿಜ್ಜಿನ ಕಡೆ ನೋಡಲಾರದೆ ಕಿಟಕಿಯ ಕಡೆ ನೋಡಿದೆ.

ಇದನ್ನು ಬರೆಯುತ್ತಿರುವುದು ಆಗಸ್ಟಿನಲ್ಲಿ, ಓಹಾಯೊ ರಾಜ್ಯ ದಾಟಿದ ಹೆದ್ದಾರಿಯ ಮೇಲೆ. ಮಗಳನ್ನು ಕಾಲೇಜಿಗೆ ಬಿಡಲು ಹೊರಟಿದ್ದೇವೆ. ಅಲ್ಲೇ ಹಳೆಯ ಗೆಳತಿಯರನ್ನು ಕಾಣಬೇಕೆಂದು ಮಿಸೆಸ್ ಪೆಟ್ಟಿಬೋನರೂ ಜೊತೆಗಿದ್ದಾರೆ. ಜೊತೆಗೆ ಎಂದರೆ, ಕಾರು ಓಡಿಸುತ್ತಿರುವವರೇ ಅವರು. ಪಕ್ಕದಲ್ಲಿ ಮಾರ್ಲಿಸ್. ಹಿಂದೆ ಮಗಳು ನಿದ್ದೆ ಮಾಡುತ್ತಿದ್ದಾಳೆ. ಅವಳ ಪಕ್ಕದಲ್ಲಿ, ತೊಡೆಯ ಮೇಲೆ ಅಕಾರ್ಡಿಯನ್, ತಲೆಯ ಮೇಲೆ ಎರಡು ದಿಂಬು, ಕಾಲ ಕೆಳಗೆ ಇಸ್ತ್ರಿ ಪೆಟ್ಟಿಗೆ ಹೊತ್ತು ನಾನು. ಮುಂದಿನ ರಾಜ್ಯ ಬರುವವರೆಗೆ ಬಾಯಿ ತೆರೆಯಬಾರದೆಂದು ಮೂವರೂ ಸೇರಿ ಠರಾವು ಮಾಡಿದ್ದಾರೆ.

ಈಗಷ್ಟೇ ಅವರು ಎಡಕ್ಕೆ ತಿರುಗಿದರು. ಅಚ್ಚುಕಟ್ಟಾಗಿ ತಿರುಗಿದರು. ಆದರೆ ನಾವು ಹೋಗಬೇಕಾಗಿದ್ದುದು ಬಲಕ್ಕೆ. ನಾನು ಹೇಳುವ ಹಾಗಿಲ್ಲ.