ಕಾಮೆಂಟಿಗೆ ಚಹಾ ಕೇಳಿದ ಮಾವಶಿ

ನನ್ನ ಬ್ಲಾಗನ್ನು ಹಾಳು ಮಾಡಿದ್ದು ವೈರಸ್ಸೂ ಅಲ್ಲ, ಹ್ಯಾಕರ್ರೂ ಅಲ್ಲ. ನನ್ನ ಮಾವಶಿ! ಅಮ್ಮನ ಸ್ವಂತ ತಂಗಿ. ವೈರಸ್ಸಾದರೆ ಏನೋ ಒಂದು ಸಿ.ಡಿ. ಹಾಕಿ ಓಡಿಸಬಹುದು. ಮಾವಶಿಯನ್ನು ಓಡಿಸುವ ಸಿ.ಡಿ.ಯನ್ನು ಯಾವ ಕಂಪನಿ ತಯಾರಿಸಿದೆ ಹೇಳಿ? ಇಡೀ ಹೈದರಾಬಾದಿನಲ್ಲಿ ಇಷ್ಟೊಂದು ಸಾಫ್ಟ್‌ವೇರ್ ಕಂಪನಿಗಳಿದ್ದೂ ಏನು ಪ್ರಯೋಜನ!

ಆಗ ನಮ್ಮ ಊರಿಗೆ ಕಂಪ್ಯೂಟರಿನ ಹುಚ್ಚು ಹಿಡಿದಿತ್ತು. ಅಮೀರ್‌ಪೇಟೆಯ ಗೋಡೆಗಳೆಲ್ಲ ಕೋರ್ಸುಗಳ ಬೋರ್ಡು. ನಿನ್ನೆಯವರೆಗೆ ಬರೀ ಬಂಡೆಗಲ್ಲಿದ್ದ ಕಡೆ ಇವತ್ತು ಗಾಜಿನ ಕಟ್ಟಡ. ಅಕ್ಕಪಕ್ಕದವರ ಮನೆಗೆಲ್ಲ ಬಂತೆಂದು ಮಲ್ಕಾಜ್‌ಗಿರಿಯ ನಮ್ಮ ಮನೆಗೂ ಒಂದು ಕಂಪ್ಯೂಟರು ಬಂತು. ನನ್ನ ಗಂಡ ಅದರಲ್ಲಿ ಇಸ್ಪೀಟು ಆಡಿದ. ನಾನು ಬ್ಲಾಗು ಶುರುಮಾಡಿದೆ.

ಮತ್ತೇನು ಮಾಡಲಿ? ನಾನು ಕೆಲಸ ಮಾಡುವುದು ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯ ಆಫೀಸಿನಲ್ಲಿ. ಅಲ್ಲಿ ದಿನವಿಡೀ ಹಿಂದಿ. ಓಣಿಯಲ್ಲಿ, ತರಕಾರಿ ಗಾಡಿಯ ಹತ್ತಿರ ತೆಲುಗು. ಕನ್ನಡ ಉಳಿದದ್ದು ಗಂಡನನ್ನು ಬೈಯುವುದಕ್ಕೆ ಮಾತ್ರ. ಅದೂ ಅವನು ಕೇಳಿಸಿಕೊಂಡರೆ! ಹಾಗಾಗಿ 'ಹಸಿಮೆಣಸು' ಎಂಬ ಹೆಸರಿಟ್ಟುಕೊಂಡು ಬರೆಯತೊಡಗಿದೆ. ಸ್ವಂತ ಹೆಸರು ಹಾಕುವ ಹಾಗಿರಲಿಲ್ಲ. ಏಕೆಂದರೆ ನನ್ನ ಕೈಗೆ ಮೊದಲು ಸಿಕ್ಕವರೇ ನಮ್ಮ ಆಫೀಸಿನ ದೊಡ್ಡ ಸಾಹೇಬರು. ಮೈಸೂರು ಕಡೆಯವರು, ಮಹಾ ಶಿಸ್ತಿನ ಮನುಷ್ಯ. ಗುಪ್ತ ಫೈಲುಗಳನ್ನಿಡುವ ಕಬ್ಬಿಣದ ಕಪಾಟಿನಲ್ಲಿ ತಮ್ಮ ಮೊಸರನ್ನದ ಡಬ್ಬಿಯನ್ನಿಟ್ಟು ಬೀಗ ಜಡಿದು, ಬೀಗವನ್ನು ಜಗ್ಗಿ ನೋಡಿ, ಆಮೇಲೆ ಮೀಟಿಂಗಿಗೆ ಹೋಗುತ್ತಿದ್ದರು. ಇಂಥವರನ್ನು ಬರೆಯದೆ ಬಿಡುವುದು ಪಾಪವಲ್ಲವೆ? ಬರೆದೆ. ಓದಿದವರೆಲ್ಲ ಬಿದ್ದು ಬಿದ್ದು ನಕ್ಕರು. ಬರೆದವಳು ನಾನೆಂದು ಸಾಹೇಬರಿಗೆ ಗೊತ್ತಾದರೆ ಮಾತ್ರ ನನ್ನ ಗತಿ ಮುಗಿಯಿತು. ಊರಾಚೆಯ ಗೋದಾಮಿಗೆ ಎತ್ತಿಹಾಕುತ್ತಿದ್ದರು.

ಅಂತೂ ನನಗೊಂದು ಸ್ವಂತ ಮೂಲೆ ಸಿಕ್ಕಿತು. ಮುಖವನ್ನೇ ನೋಡದ ಗೆಳತಿಯರು ಸಿಕ್ಕರು. 'ಒಂಟಿಸೀಟು' ಎಂಬ ಹೆಸರಿನ ಬೀದರಿನ ಹುಡುಗಿಯೊಬ್ಬಳು ಇಲ್ಲೇ ಹೈದರಾಬಾದಿನ ತನ್ನ ಹಾಸ್ಟೆಲ್ಲಿನ ಸಾಂಬಾರಿನ ಮೇಲೆ ಬರೆದದ್ದನ್ನು ಓದಿ ಆಫೀಸಿನಲ್ಲಿ ಒಬ್ಬಳೇ ನಗುತ್ತ ಕೂತಿರುತ್ತಿದ್ದೆ. ಬೆಳಗ್ಗೆ ಎದ್ದು ಹಾಲು ಕಾಯಿಸುವ ಮೊದಲು ಯಾರಾದರೂ ಕಾಮೆಂಟು ಹಾಕಿದ್ದಾರೆಯೇ ಎಂದು ನೋಡುವ ಸುಖವಿದೆಯಲ್ಲ, ಅದನ್ನು ಬ್ಲಾಗು ಬರೆದವರೇ ಬಲ್ಲರು. ಈ ಸುಖಕ್ಕೇ ಕಲ್ಲು ಬಿದ್ದದ್ದು!

ಮಾವಶಿಯ ಮನೆ ನಮ್ಮ ಹಿಂದಿನ ಓಣಿಯಲ್ಲೇ. ಅವಳ ಗಂಡ, ನಮ್ಮ ಕಾಕಾ, ರೈಲ್ವೆಯಲ್ಲಿ ಗಾರ್ಡ್ ಆಗಿದ್ದರು. ಅವರು ತೀರಿಕೊಂಡ ಮೇಲೆ ಒಬ್ಬಳೇ ಇದ್ದಳು. ನಲ್ಲಿಯಲ್ಲಿ ನೀರು ಬಂದಾಗ ಹಿಡಿದಿಡಲೆಂದು ನಮ್ಮ ಮನೆಯ ಇನ್ನೊಂದು ಕೀಲಿಯನ್ನು ನಾನೇ ಅವಳ ಕೈಗೆ ಕೊಟ್ಟಿದ್ದೆ. ಒಂದು ದಿನ ಬಂದವಳು ಬೆನ್ನ ಹಿಂದೆ ನಿಂತು ಕಂಪ್ಯೂಟರಿನಲ್ಲಿ ಇಣುಕಿದಳು.

"ಏನವಾ ಇದು, ಮೀಟರ್ ಇದ್ದಂಗ ಐತಿ?"

"ಬ್ಲಾಗಿಗೆ ಎಷ್ಟು ಮಂದಿ ಬಂದ್ರು ಅಂತ ತೋರಸ್ತೈತಿ ಮಾವಶಿ."

"ಅಯ್ಯ, ಇಷ್ಟ್ ಮಂದಿ ಬಂದು ಹೋಗ್ಯಾರ? ಒಬ್ಬರಿಗೂ ಚಹಾ ಕೇಳಿಲ್ಲೇನ ನೀ?"

"ಅವರು ಇಲ್ಲಿ ಬಂದಿಲ್ಲ. ತಮ್ಮ ತಮ್ಮ ಮನ್ಯಾಗ ಕುಂತು ಓದ್ಯಾರ."

"ಬಂದಿಲ್ಲ ಅಂದ್ರ ಮತ್ತ ಇದು ಯಾಕ ಎಣಸಾಕತ್ತೈತಿ?"

ಇದಕ್ಕೆ ಏನು ಉತ್ತರ ಕೊಡುತ್ತೀರಿ, ನೀವೇ ಹೇಳಿ! 'ಚೆನ್ನಾಗಿದೆ' ಎಂದು ಯಾರೋ ಹಾಕಿದ ಕಾಮೆಂಟನ್ನು ಓದಿ ಹೇಳಿದೆ. ಅದಕ್ಕೂ ಅವಳದೊಂದು ತಕರಾರು. "ಹೊಸಲಿ ತನಕಾ ಬಂದು ಛಲೋ ಐತಿ ಅಂತ ಹೇಳಿ ಹೊಂಟೋರಿಗೆ, ಕುಂದರ್ರಿ ಅನ್ನಬಾರದೇನು? ನಿಮ್ಮವ್ವ ಇದನ್ನ ಕಲಿಸ್ಯಾಳೇನು ನಿನಗ?"

ಅಷ್ಟಕ್ಕೇ ಮುಗಿಯಿತೆಂದುಕೊಂಡೆ. ಎಲ್ಲಿಯ ಮುಗಿಯುವುದು! ಕಾಕಾನ ಜೊತೆ ಪಾಸಿನಲ್ಲಿ ತಿರುಗಾಡುತ್ತ ಸ್ಟೇಷನ್ನಿನ ಬೋರ್ಡುಗಳನ್ನು ಓದಿ ಓದಿ ಇಂಗ್ಲಿಷ್ ಅಕ್ಷರ ಕಲಿತವಳು ಅವಳು. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವ ಉಪಾಯವನ್ನು ನನ್ನ ಬೆರಳು ನೋಡಿಯೇ ಕಲಿತುಬಿಟ್ಟಳು. ನಾನು ಆಫೀಸಿಗೆ ಹೋದ ಮೇಲೆ ನೀರು ಹಿಡಿಯಲು ಬರುವುದು, ಬಕೆಟ್ಟು ತುಂಬುವುದರೊಳಗೆ ಒಂದೇ ಬೆರಳಲ್ಲಿ ಕುಟುಕುಟು ಎಂದು ಕುಟ್ಟಿ, ಬಂದ ಕಾಮೆಂಟಿಗೆಲ್ಲ ಉತ್ತರ ಕೊಡುವುದು. ಅದೂ ನನ್ನ ಹೆಸರಿನಲ್ಲಿ!

"ಬರ್ರಿ ಬರ್ರಿ, ಭಾಳ ದಿನಕ್ಕ ಬಂದ್ರಿ. ಊಟ ಆತೇನ್ರಿ? ಮನ್ಯಾಗ ಎಲ್ಲಾರೂ ಆರಾಮ?"

ನಾನು ಉಗುರು ಕಚ್ಚಿ ಕಚ್ಚಿ ಬರೆದ ಪ್ರಬಂಧದ ಕೆಳಗೆ ಇದು! ಅದಕ್ಕಿಂತ ಉರಿ ಹತ್ತಿದ್ದು ಓದುಗರು ಅದನ್ನು ಮೆಚ್ಚಿಕೊಂಡದ್ದಕ್ಕೆ. ಬರೆದದ್ದು ಹೇಗಿದೆಯೆಂದು ಹೇಳುವುದನ್ನೇ ಬಿಟ್ಟರು. ಒಬ್ಬರು ಸೊಸೆಯ ಬಾಣಂತನದ ಸುದ್ದಿ ಹೇಳಿದರೆ ಇನ್ನೊಬ್ಬರು ಮೊಣಕಾಲು ನೋವು ತೋಡಿಕೊಂಡರು. ಮಾವಶಿ ಎಲ್ಲರನ್ನೂ ವಿಚಾರಿಸಿಕೊಂಡಳು. ನನ್ನ ಬ್ಲಾಗು ಧರ್ಮಶಾಲೆ ಆಯಿತು.

ಇನ್ನೊಂದು ಕೇಳಿ. 'ಕಟುಸತ್ಯ' ಎಂಬ ಹೆಸರಿನ ಒಬ್ಬ ಮಹಾಶಯ ನನ್ನ ಮೊಸರನ್ನದ ಪ್ರಬಂಧಕ್ಕೆ ಉದ್ದನೆಯ ಟೀಕೆ ಬರೆದಿದ್ದ. 'ಶೈಲಿ ಲಘುವಾಗಿದೆ. ಅಧಿಕಾರಿಗಳಿಗೂ ಅವರವರ ಕಷ್ಟಗಳಿರುತ್ತವೆ ಎಂಬುದನ್ನು ಲೇಖಕಿ ಮರೆತಿದ್ದಾರೆ.' ನನಗೆ ಖುಷಿಯೋ ಖುಷಿ! ಕೊನೆಗೂ ಒಂದು ಸಾಹಿತ್ಯಿಕ ಜಗಳ! ಸಂಜೆ ಬಂದು ಕೊಡುವ ಏಟನ್ನು ಬಸ್ಸಿನಲ್ಲಿ ಕೂತು ಒಂದೊಂದೇ ಪದ ಮಸೆದು ಸಿದ್ಧಮಾಡಿಕೊಂಡು ಬಂದರೆ, ಮಾವಶಿ ಆಗಲೇ ಉತ್ತರ ಕೊಟ್ಟಾಗಿತ್ತು.

"ನಿಮಗ ಪಿತ್ತ ಆಗಿರಬೇಕ್ರಿ. ಜೀರಗಿ ಕುದಿಸಿ ಕುಡೀರಿ. ಹೊತ್ತಿಗೆ ಸರಿಯಾಗಿ ಉಣ್ರಿ."

ಅದರ ಕೆಳಗೆ ಆ ಕಟುಸತ್ಯ ಬರೆದದ್ದೇನು ಗೊತ್ತೆ? 'ಕುಡಿದೆ. ಹಿತವೆನಿಸಿತು. ಧನ್ಯವಾದಗಳು ತಾಯಿ.' ನನ್ನ ಜಗಳ ಜೀರಿಗೆಯ ನೀರಿನಲ್ಲಿ ಕೊಚ್ಚಿಕೊಂಡು ಹೋಯಿತು!

ಪಾಸ್‌ವರ್ಡ್ ಬದಲಿಸಿದೆ. ಯಾರೂ ಊಹಿಸಲಾರದಂಥದ್ದನ್ನು ಇಟ್ಟೆ. ಎಷ್ಟು ಕಷ್ಟದ್ದೆಂದರೆ ಮರುದಿನ ನನಗೇ ನೆನಪಾಗಲಿಲ್ಲ. ತಲೆ ಚಚ್ಚಿಕೊಳ್ಳುತ್ತ ಕೂತಿದ್ದಾಗ ಮಾವಶಿ ಬಂದು, "ಸರಿ ಅತ್ಲಾಗ, ನೀ ಒತ್ತೂದು ನಾ ನೋಡೀನಿ" ಎಂದು ಟಪಟಪ ಒತ್ತಿ ಬಾಗಿಲು ತೆಗೆದುಕೊಟ್ಟಳು. ಮುಖದ ಮೇಲೆ ನಾಚಿಕೆ ಎಂಬುದು ಬೇಡವೆ? "ಉಪಕಾರ ಮಾಡಿದೆ" ಎಂಬ ಕಳೆ!

ಇಷ್ಟನ್ನೂ ನುಂಗಿಕೊಂಡೆ. ಆದರೆ ಒಂದು ಶನಿವಾರ ಸಂಜೆ ಬ್ಲಾಗು ತೆರೆದವಳು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. "ಹೈದರಾಬಾದಿನ್ಯಾಗ ಇದ್ದೋರೆಲ್ಲಾ ನಾಳೆ ಊಟಕ್ಕ ಬರ್ರಿ. ರೊಟ್ಟಿ, ಎಣ್ಣಿಗಾಯಿ ಮಾಡ್ತೀನಿ. ಮಲ್ಕಾಜ್‌ಗಿರಿ ಸ್ಟೇಷನ್ ಇಳದು ಗಾರ್ಡ್ ಸಾಹೇಬರ ಮನಿ ಎಲ್ಲೈತಿ ಅಂದ್ರ ಯಾರಾದ್ರೂ ತೋರಸ್ತಾರ." ಬೆಳಗ್ಗೆ ನಾನು ಮನೆ ಬಿಟ್ಟ ಕೂಡಲೇ ಹಾಕಿದ್ದಳು. ಕೆಳಗೆ 'ಖಂಡಿತ ಬರ್ತೀವಿ' ಎಂಬ ಸಾಲೋ ಸಾಲು. 'ಕಟುಸತ್ಯ'ನೂ ಬರುವವನಿದ್ದ!

ಓಡಿದೆ. ಮಾವಶಿ ಬೇಗಂ ಬಜಾರಿನಿಂದ ತಂದ ಶೇಂಗಾ ಹುರಿಯುತ್ತಿದ್ದಳು.

"ಮಾವಶಿ, ನಿನಗ ತಲಿ ಕೆಟ್ಟೈತೇನು? ನಾ ಯಾರು ಅಂತ ಯಾರಿಗೂ ಗೊತ್ತಾಗಬಾರದು ಅಂತ ಎಷ್ಟ್ ಸಲ ಹೇಳೀನಿ? ನನ್ನ ನೌಕರಿಗೆ ಸಂಚಕಾರ ತರಬೇಕಂತ ಮಾಡೀಯೇನು?"

"ನಿನ್ನ ಮನಿಗೆ ಯಾರು ಕರದಾರ? ನಮ್ಮ ಮನಿಗೆ ಕರದೀನಿ. ನೀ ಬಂದು ಬಡಿಸಿದ್ರ ಬಡಸು, ಇಲ್ಲಾಂದ್ರ ಬಿಡು."

ಬಿಟ್ಟರೆ ಹೇಗೆ? ಅವಳ ಬಾಯಿ ಕಾಯಲಿಕ್ಕಾದರೂ ಹೋಗಲೇಬೇಕಿತ್ತು. ನಾನು ಅವಳ ಅಕ್ಕನ ಮಗಳು, ಬಡಿಸಲು ಬಂದವಳು, ಅಷ್ಟೇ ಎಂದು ಆಣೆ ಹಾಕಿಸಿದೆ.

ಭಾನುವಾರ ಬಂದರು. 'ಒಂಟಿಸೀಟು' ಬಂದಳು, ನಾನಂದುಕೊಂಡದ್ದಕ್ಕಿಂತ ಕುಳ್ಳಿ, ನಾನಂದುಕೊಂಡದ್ದಕ್ಕಿಂತ ಹೆಚ್ಚು ಮಾತು. ಅವಳನ್ನು ತಬ್ಬಿಕೊಳ್ಳಬೇಕೆನಿಸಿತು. ಸೌಟು ಹಿಡಿದು ಸುಮ್ಮನೆ ನಿಂತೆ. ಅವಳು ಸೀದಾ ಹೋಗಿ ಮಾವಶಿಯ ಕಾಲಿಗೆ ಬಿದ್ದು, "ಹಸಿಮೆಣಸು ಅಂದ್ರ ನೀವೇ ಅಲ್ರಿ?" ಎಂದಳು. ಮಾವಶಿ ನನ್ನ ಕಡೆ ನೋಡಿದಳು. ನಾನು ಕಣ್ಣು ಕೆಕ್ಕರಿಸಿದೆ. ಅವಳಿಗೆ ಅಷ್ಟೇ ಸಾಕಾಯಿತು.

"ಹೌದವಾ, ಏನೋ ಹಿಂಗ, ಟೈಂಪಾಸ್ ಬರೀತೀನಿ."

ಟೈಂಪಾಸ್! ನನ್ನ ಪ್ರಬಂಧಗಳನ್ನು ಒಂದೊಂದಾಗಿ ಎತ್ತಿ ಅವಳೆದುರು ಹೊಗಳಿದರು. ಅವಳು ಒಂದೊಂದನ್ನೂ ಸ್ವೀಕರಿಸಿದಳು. ನಾನು ರೊಟ್ಟಿ ಬಡಿಸಿದೆ. ಬಡಿಸಿದೆ ಏನು, ತಟ್ಟೆಗೆ ಒಗೆದೆ. ಯಾರೂ ಮುಖ ಎತ್ತಿ ನನ್ನನ್ನು ನೋಡಲಿಲ್ಲ.

ಆಗ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು ನಮ್ಮ ದೊಡ್ಡ ಸಾಹೇಬರು! ಕಟುಸತ್ಯ ಎಂದರೆ ಅವರೇ! ನನ್ನ ಕೈಯಲ್ಲಿದ್ದ ಚಟ್ನಿಯ ಬಟ್ಟಲು ಬೀಳುವುದೊಂದು ಬಾಕಿ.

"ಓ, ನೀವೂ ಇಲ್ಲಿ?" ಎಂದರು.

"ನನ್ನ ಮಾವಶಿ ಸಾರ್."

"ನಿಮ್ಮ ಮಾವಶಿಯೇ ಹಸಿಮೆಣಸು! ಸಂತೋಷ." ಚಾಪೆಯ ಮೇಲೆ ಕೂತು ಮಾವಶಿಗೆ ಕೈಮುಗಿದರು. "ಮೊದಲು ಸ್ವಲ್ಪ ಸಿಟ್ಟು ಬಂದದ್ದು ನಿಜ ತಾಯಿ. ಆಮೇಲೆ ಯೋಚಿಸಿದೆ. ಮೊಸರನ್ನಕ್ಕೆ ಬೀಗ ಹಾಕುವ ಕರ್ಮ ನನಗೊಬ್ಬನಿಗೇ ಬಂದಿದೆ ಅಂದುಕೊಂಡಿದ್ದೆ. ಇನ್ನೊಬ್ಬ ಅಧಿಕಾರಿಗೂ ಇದೇ ಪಾಡು ಅಂತ ಓದಿ ಧೈರ್ಯ ಬಂತು."

ಬದುಕಿದೆ! ಗುಟ್ಟು ಉಳಿಯಿತು, ನೌಕರಿ ಉಳಿಯಿತು. ಹೋದದ್ದು ಬ್ಲಾಗು ಮಾತ್ರ. ಅದು ನನ್ನ ಕಣ್ಣೆದುರೇ ಮಾವಶಿಯ ಪಾಲಾಗಿತ್ತು. ಎಲ್ಲರೂ ಹೋಗಲಿ, ಇವಳಿಗೊಂದು ಗತಿ ಕಾಣಿಸುತ್ತೇನೆ ಎಂದು ಹಲ್ಲು ಕಡಿದುಕೊಂಡೇ ಮಜ್ಜಿಗೆ ಕೊಟ್ಟೆ.

ಊಟ ಮುಗಿಯಿತು. 'ಒಂಟಿಸೀಟು' ಎದ್ದು ಸೆರಗು ಸರಿಮಾಡಿಕೊಂಡಳು. "ಮಾವಶಿ, ಕುಂಕುಮ ಹಚ್ಚರಿ, ಹೊಂಡತೀನಿ."

ಮಾವಶಿ ಅಡುಗೆಮನೆಗೆ ಹೋದಳು. ಹಿಂದೆಯೇ ನುಗ್ಗಿದೆ. ದೇವರ ಗೂಡಿನಿಂದ ಕುಂಕುಮದ ಭರಣಿಯನ್ನು ತೆಗೆದು ನನ್ನ ಕಡೆ ಚಾಚಿದಳು.

"ನೀ ಹಚ್ಚಿ ಕಳಸವಾ."

"ಯಾಕ? ಹೊಗಳಿಕಿ ಎಲ್ಲಾ ನೀ ತಗೊಂಡಿ. ಈಗ ಕುಂಕುಮಕ್ಕ ನಾ ಬೇಕಾದ್ನೇನು?"

"ನಾ ಹಚ್ಚಬಾರದವಾ. ಇನ್ನಾ ಲಗ್ನ ಆಗಬೇಕಾದ ಹುಡುಗಿ ಅದು." ಒಲೆಯ ಕಟ್ಟೆಯನ್ನು ಒರೆಸತೊಡಗಿದಳು. ಅದು ಆಗಲೇ ಸ್ವಚ್ಛವಿತ್ತು. "ನಿಮ್ಮ ಕಾಕಾ ಹೋದ ಮ್ಯಾಲೆ ಈ ಓಣ್ಯಾಗ ಅರಿಷಿಣ ಕುಂಕುಮಕ್ಕ ಎಲ್ಲಾರ ಬಾಗಿಲಿಗೂ ಕರ್ಯಾಕ ಬರ್ತಾರ, ನಮ್ಮ ಬಾಗಿಲ ಒಂದ ದಾಟಿ ಹೋಗ್ತಾರ. ನಾನೂ ಒಳಗ ಸರದು ನಿಂದರತೀನಿ, ಯಾಕ ಅವರಿಗೆ ಮುಜುಗರ ಅಂತ. ನಿನ್ನ ಕಂಪ್ಯೂಟರ್‌ನ್ಯಾಗ ಬರೋ ಮಂದಿ ನನ್ನ ಹಣಿ ನೋಡೂದಿಲ್ಲ ನೋಡು. ಅದಕ್ಕ ಬರ್ರಿ ಅಂದೆ. ನಿನಗ ಸಿಟ್ಟು ಬರ್ತೈತಿ ಅಂತ ಗೊತ್ತಿತ್ತು."

ಸಿಟ್ಟು ಬಂತು. ಬೆಳಗಿನಿಂದ ಬಂದ ಸಿಟ್ಟೆಲ್ಲ ಏನೂ ಅಲ್ಲ ಎನ್ನುವಂಥ ಸಿಟ್ಟು. ಓಣಿಯ ಒಬ್ಬೊಬ್ಬ ಹೆಂಗಸಿನ ಮನೆಗೂ ಹೋಗಿ ಜಗಳ ತೆಗೆಯಬೇಕೆನಿಸಿತು. ಕಣ್ಣಲ್ಲಿ ನೀರು ಬರುತ್ತಿತ್ತು, ಅದಕ್ಕೂ ಸಿಟ್ಟು ಬಂತು. ಭರಣಿಯನ್ನು ಕಿತ್ತುಕೊಂಡು, ಮಾವಶಿಯ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದೆ.

"ನೋಡ್ರೀ! ಹಸಿಮೆಣಸು ನಾನು! ಬ್ಲಾಗ್ ನಂದು, ಬರೆಯೋಳು ನಾನು. ಬರ್ರಿ ಅಂದಾಕಿ, ಊಟ ಆತೇನು ಅಂತ ಕೇಳಿದಾಕಿ ಇವಳು. ನನ್ನ ಬ್ಲಾಗಿಗೆ ಬಂದ ಹೆಣ್ಣಮಕ್ಕಳು ಇವಳ ಕೈಲೇ ಕುಂಕುಮ ಹಚ್ಚಿಸಿಕೊಂಡು ಹೋಗಬೇಕು. ಆಗೂದಿಲ್ಲ ಅನ್ನೋರು ಇನ್ನ ಮ್ಯಾಲೆ ನನ್ನ ಬ್ಲಾಗಿನ ಕಡೆ ತಲಿ ಹಾಕಬ್ಯಾಡ್ರಿ!"

ಸಾಹೇಬರ ಮಜ್ಜಿಗೆಯ ಲೋಟ ಬಾಯಿಯ ಹತ್ತಿರವೇ ನಿಂತಿತು.

"ಹಾಗಾದರೆ… ಆ ಮೊಸರನ್ನ?"

"ನಿಮ್ಮದೇ ಸಾರ್!"

ಗೋದಾಮಾದರೆ ಗೋದಾಮು! ಸಾಹೇಬರು ನನ್ನನ್ನು ನೋಡಿದರು, ಮಾವಶಿಯನ್ನು ನೋಡಿದರು. ಲೋಟ ಕೆಳಗಿಟ್ಟರು.

'ಒಂಟಿಸೀಟು' ಮುಂದೆ ಬಂದು ಮಾವಶಿಯೆದುರು ಮುಖ ಚಾಚಿದಳು. ಮಾವಶಿ ಕೈ ಹಿಂದೆಗೆದುಕೊಂಡಳು. "ಬ್ಯಾಡವಾ, ನಿಮ್ಮವ್ವಗ ಗೊತ್ತಾದ್ರ ಬೈತಾಳ" ಎಂದಳು.

"ನಮ್ಮವ್ವನ ಹಣಿನೂ ನಿಮ್ಮಂಗ ಐತ್ರಿ. ಹಚ್ಚರಿ" ಎಂದಳು ಹುಡುಗಿ.

ಮಾವಶಿ ಭರಣಿಗೆ ಬೆರಳು ಅದ್ದಿದಳು. ಎಷ್ಟೋ ವರ್ಷದಿಂದ ರೂಢಿ ತಪ್ಪಿದ ಕೈ. ಕುಂಕುಮ ಹಣೆಯ ನಡುವೆ ಬೀಳದೆ ಒಂದು ಹುಬ್ಬಿನ ಮೇಲೆ ಬಳಿದುಕೊಂಡಿತು, ಸ್ವಲ್ಪ ಮೂಗಿನ ಮೇಲೂ ಉದುರಿತು. ಸರಿಮಾಡಲು ಮಾವಶಿ ಸೆರಗು ಎತ್ತಿದಳು. ಹುಡುಗಿ ಆ ಕೈಯನ್ನು ಹಿಡಿದು ತಡೆದು, ಒರೆಸಿಕೊಳ್ಳದೆ ಹಾಗೇ ಚಪ್ಪಲಿ ಮೆಟ್ಟಿಕೊಂಡು, ಇಡೀ ಓಣಿ ನೋಡುವಂತೆ ಸ್ಟೇಷನ್ನಿನ ಕಡೆ ನಡೆದಳು.