ಹಳೇ ಮಾಲಕನ ಹೊಗೆ

ಹೊಸ ಕಾರು ಕೊಂಡವರಿಗೆ ಜನ ಪೇಡೆ ಕೇಳುತ್ತಾರೆ, ಹಳೇ ಕಾರು ಕೊಂಡವರಿಗೆ ಸಲಹೆ ಕೊಡುತ್ತಾರೆ. ದೇವದುರ್ಗದ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನಗೆ ಆ ಸಲಹೆಗಳಿಂದ ಆದಷ್ಟು ಫಜೀತಿ ಕಾರಿನಿಂದ ಆಗಲಿಲ್ಲ.

ರಾಯಚೂರಿನ ಒಬ್ಬ ಗುತ್ತಿಗೆದಾರರಿಂದ ಕಾರು ಕೊಂಡೆ. ಅಂದು ಒಳಗೆಲ್ಲ ಮಲ್ಲಿಗೆ ಘಮಘಮ. ಕನ್ನಡಿಗೆ ಸೆಂಟಿನ ಸೀಸೆ ಕಟ್ಟಿದ್ದರು. ವಾರದಲ್ಲಿ ಸೀಸೆ ಖಾಲಿಯಾಯಿತು, ಅವರು ವರ್ಷಗಟ್ಟಲೆ ಸೇದಿದ ಸಿಗರೇಟು ಹೊರಗೆ ಬಂತು. ಹೆಂಡತಿ ಬಾಗಿಲು ತೆಗೆದವಳೇ ಕೇಳಿದಳು: "ಮತ್ತ ಶುರು ಮಾಡೀರೇನ್ರೀ?"

ಕೇಳಲು ಕಾರಣವಿತ್ತು. ನಾನೂ ಒಂದು ಕಾಲದಲ್ಲಿ ದಿನಕ್ಕೊಂದು ಪ್ಯಾಕು ಸುಟ್ಟವನೇ. ಎರಡು ವರ್ಷದ ಹಿಂದೆ ಮಗಳ ತಲೆ ಮುಟ್ಟಿ ಆಣೆ ಮಾಡಿ ಬಿಟ್ಟೆ, ಆಮೇಲೆ ಒಂದು ದಮ್ಮೂ ಎಳೆದಿಲ್ಲ. "ಇದು ಹಳೇ ಮಾಲಕಂದು" ಎಂದೆ. ಆಕೆ ಅರ್ಧ ನಂಬಿದಳು. ಉಳಿದರ್ಧಕ್ಕಾಗಿ ಆ ವಾಸನೆಯನ್ನು ಓಡಿಸಲೇಬೇಕಾಯಿತು.

ಕಾಫಿ ಪುಡಿ

ನಮ್ಮ ವಿಜ್ಞಾನದ ಮಾಸ್ತರರು, "ಬಟ್ಟಲದಾಗ ಕಾಫಿ ಪುಡಿ ಹಾಕಿ ಸೀಟಿನ ಬುಡಕ ಇಡ್ರಿ. ವಾಸನಿ ಎಲ್ಲಾ ಎಳ್ಕೋತದ" ಎಂದರು. ಇಟ್ಟೆ. ಎರಡನೇ ದಿನ ಹೆಡ್‌ಮಾಸ್ತರರನ್ನು ಕೂಡಿಸಿಕೊಂಡು ಹತ್ತಿರದ ಮಸರಕಲ್ಲಿಗೆ ಹೊರಟೆ. ದಾರಿಯಲ್ಲಿ ಯಾರೋ ಹೊಸದಾಗಿ ಹಾಕಿದ ಉಬ್ಬು ನನಗೆ ಕಾಣಲಿಲ್ಲ. ಕಾರು ಹಾರಿತು, ಬಟ್ಟಲು ಮಗುಚಿತು, ಅವರ ಬಿಳಿ ಪ್ಯಾಂಟು ಮೊಣಕಾಲಿನವರೆಗೆ ಕಂದು ಬಣ್ಣವಾಯಿತು.

ಅವರು ಬೈಯಲಿಲ್ಲ. ಇಳಿದು ಪ್ಯಾಂಟು ಝಾಡಿಸುತ್ತ ಒಮ್ಮೆ ಒಳಗೆ ಮೂಸಿದರು. "ಸಿಗರೇಟ್ ವಾಸನಿ ಅದ, ಕಾಫಿ ವಾಸನಿ ಅದ. ಒಂದು ಪೇಪರ್ ತರಸ್ರಿ ಮಾಸ್ತರ್, ಪೂರಾ ಹೋಟೆಲೇ ಆಗ್ತದ."

ಲೋಬಾನ

ನಮ್ಮ ಓಣಿಯಲ್ಲಿ ಅತ್ತರು ಮಾರುವ ಹಿರಿಯರೊಬ್ಬರಿದ್ದಾರೆ. ನಾವೆಲ್ಲ ಚಾಚಾ ಎನ್ನುತ್ತೇವೆ. ವಾಸನೆಯ ವಿಷಯ ಬಂದರೆ ಅವರ ಮಾತೇ ಕೊನೆ. "ಅರೇ ಮಾಸ್ತರ್, ಹೊಗಿ ಹೋಗಬೇಕಂದ್ರ ಹೊಗೀನೇ ಹಾಕಬೇಕ್ರೀ" ಎಂದು ತಾವೇ ಕೆಂಡದ ಮೇಲೆ ಲೋಬಾನದ ಧೂಪ ಉದುರಿಸಿ, ಆ ಪಾತ್ರೆಯನ್ನು ಕಾರಿನೊಳಗಿಟ್ಟು ಗಾಜು ಏರಿಸಿದರು. ಹತ್ತು ನಿಮಿಷ ಬಿಡಬೇಕಂತೆ. ನಾವಿಬ್ಬರೂ ಚಹಾ ಕುಡಿಯಲು ಅವರ ಅಂಗಡಿಗೆ ಹೋದೆವು.

ಅರ್ಧ ಕಪ್ಪು ಮುಗಿದಿರಲಿಲ್ಲ, ಹೊರಗೆ ಗದ್ದಲ. ಬಾಗಿಲ ಸಂದಿಯಿಂದ ಹೊಗೆ ಬರುವುದನ್ನು ಕಂಡು ಓಣಿಯ ಮಂದಿ ಕಾರಿಗೆ ಬೆಂಕಿ ಹತ್ತಿದೆಯೆಂದು ಕೊಡ, ಬಕೆಟ್ಟು ಹಿಡಿದು ಓಡಿ ಬಂದಿದ್ದರು. ನಾವು ಅಲ್ಲಿಗೆ ಮುಟ್ಟುವಷ್ಟರಲ್ಲಿ ನಾಲ್ಕೂ ಬಾಗಿಲು ತೆರೆದು ಸೀಟುಗಳಿಗೆ ಪೂರ್ತಿ ಜಳಕ ಮಾಡಿಸಿದ್ದರು. ಪಕ್ಕದ ಮನೆಯ ಯವ್ವ ಖಾಲಿ ಕೊಡ ಹಿಡಿದು, "ದೇವರು ದೊಡ್ಡಾಂವ, ಉಳೀತು ನೋಡ್ರಿ ನಿಮ್ಮ ಗಾಡಿ" ಎಂದಳು.

ಚಾಚಾ ಮಾತ್ರ ತಮ್ಮ ಮರ್ಯಾದೆ ಬಿಟ್ಟುಕೊಡಲಿಲ್ಲ. "ನಾ ಹೊಗಿ ಹಾಕಂತ ಹೇಳಿದ್ನಿ. ನೀರು ಹಾಕಂತ ಯಾರಿಗೂ ಹೇಳಿಲ್ಲ."

ಫಿಲ್ಟರು

ಹಸಿ ಸೀಟು, ಲೋಬಾನ, ಸಿಗರೇಟು ಮೂರೂ ಸೇರಿದ ಕಾರನ್ನು ಕೊನೆಗೆ ರಾಯಚೂರಿನ ಮೆಕ್ಯಾನಿಕ್ ಹತ್ತಿರ ಒಯ್ದೆ. ಆತ ಮೂಗು ಮುಚ್ಚಿಕೊಂಡೇ ಮಾತಾಡಿದ. "ಸರ್, ನೀವು ವಾಸನಿ ಮ್ಯಾಲ ವಾಸನಿ ಹಾಕಾಕತ್ತೀರಿ. ಇದ್ದದ್ದು ತೆಗೀಬೇಕ್ರೀ."

ಡ್ಯಾಶ್‌ಬೋರ್ಡಿನ ಹಿಂದಿನಿಂದ ಎ.ಸಿ. ಫಿಲ್ಟರು ಎಳೆದು ತೋರಿಸಿದ. ಕಾಡಿಗೆಯಷ್ಟು ಕಪ್ಪಗಿತ್ತು. ಅದನ್ನು ಬದಲಿಸಿದ. ಮೇಲ್ಛಾವಣಿಯ ಬಟ್ಟೆಯನ್ನು ಸೋಪಿನ ನೀರಿನಲ್ಲಿ ಒರೆಸಿದರೆ ಹಳದಿ ನೀರು ಇಳಿಯಿತು. ಸೀಟು ತೊಳೆದು ಒಣಗಿಸಿ, ಅಡುಗೆ ಸೋಡಾ ಉದುರಿಸಿ, ತಾಸುಗಟ್ಟಲೆ ಬಿಟ್ಟು ಧೂಳೆಳೆಯುವ ಮಷೀನಿನಿಂದ ಎಳೆದ. ಗಾಜು, ಬೆಲ್ಟು, ಯಾವುದನ್ನೂ ಬಿಡಲಿಲ್ಲ. ಎರಡು ದಿನ ಬಿಸಿಲಿಗೆ ನಿಂತ ಮೇಲೆ ಕಾರಿಗೆ ಯಾವ ವಾಸನೆಯೂ ಇರಲಿಲ್ಲ. ನನಗೆ ಕುಣಿಯುವಷ್ಟು ಖುಷಿಯಾಯಿತು.

ಹೆಂಡತಿ ಒಂದೊಂದೇ ಸೀಟು ಮೂಸಿ ಪಾಸು ಮಾಡಿದಳು. "ಛಲೋ ಆತು. ಇನ್ಮ್ಯಾಲ ವಾಸನಿ ಬಂದ್ರ ಹಳೇ ಮಾಲಕನ ಹೆಸರು ಹೇಳಂಗಿಲ್ಲ ಮತ್ತ."

ಮಾನ್ವಿಯ ಭಾನುವಾರ

ಭಾನುವಾರ ಬಂತೆಂದರೆ ನಾವು ಮಾನ್ವಿಗೆ, ಹೆಂಡತಿಯ ತವರಿಗೆ ಹೋಗುತ್ತೇವೆ. ಆ ಭಾನುವಾರವೂ ಹೋದೆವು. ಉಂಡು ಒಂದು ನಿದ್ದೆ ಮಾಡಿ ಎದ್ದು ಹೊರಟೆವು. ಹೆಂಡತಿ ಮಗಳ ಕೈ ಹಿಡಿದು ಮುಂದೆ ಹೋಗಿ ಕಾರಿನ ಬಾಗಿಲು ತೆಗೆದವಳು ಹಾಗೇ ನಿಂತಳು. ಒಳಗಿಂದ ಹೊಗೆಯ ವಾಸನೆ. ಹಳೆಯದಲ್ಲ, ಬಿಸಿಬಿಸಿಯದು.

"ಮಗಳ ತಲಿ ಮುಟ್ಟಿದ್ರಿ" ಎಂದಳು, ಅಷ್ಟೇ. ಕಣ್ಣಲ್ಲಿ ನೀರು. ನಾನೂ ತಲೆ ಒಳಗೆ ಹಾಕಿ ಮೂಸಿದೆ; ವಾಸನೆ ನಿಜವಾಗಿಯೂ ಇತ್ತು.

ಅಷ್ಟರಲ್ಲಿ ಮಾವನವರು ಬಂದರು. ಕಳೆದ ವರ್ಷ ಡಾಕ್ಟರು ಎದೆ ನೋಡಿ ಬೈದ ಮೇಲೆ ಬೀಡಿ ಬಿಟ್ಟವರು. ಅವರೂ ಒಳಗೆ ಬಗ್ಗಿ ಮೂಸಿ, ಗಂಭೀರವಾಗಿ, "ಅಳಿಯಂದ್ರ, ಈ ಚಟ ಕೆಟ್ಟದ್ರೀ. ನನ್ನ ನೋಡಿಯಾದ್ರೂ ಕಲೀರಿ" ಎಂದರು.

"ಕೀಲಿ ಕೊಡ್ರಿ ಇಲ್ಲಿ, ಗಾಜರ ಇಳಸ್ತೀನಿ" ಎಂದಳು ಹೆಂಡತಿ. ಜೇಬು ತಡಕಿದೆ. ಕೀಲಿ ಇರಲಿಲ್ಲ. ಎಲ್ಲರೂ ಹುಡುಕತೊಡಗಿದಾಗ ಮಾವನವರು ಮೆಲ್ಲಗೆ ತಮ್ಮ ಜುಬ್ಬಾದ ಜೇಬಿನಿಂದ ಅದನ್ನು ತೆಗೆದರು. "ಗಾಡಿ ಬಿಸಲಾಗ ನಿಂತಿತ್ತಲ್ಲ, ನೆಳ್ಳಾಗ ನಿಲ್ಲಸಾಕಂತ ತಗೊಂಡಿದ್ನಿ."

ಕಟ್ಟೆಯ ಮೇಲೆ ಕೂತಿದ್ದ ಅತ್ತೆ ತಲೆ ಎತ್ತಿದರು. "ನಿಮಗ ಗಾಡಿ ಹೊಡಿಯಾಕ ಯಾವಾಗ ಬಂತ್ರೀ?"

ಮಾವನವರು ಅತ್ತೆಯನ್ನು ನೋಡಿದರು, ನನ್ನ ಹೆಂಡತಿಯನ್ನು ನೋಡಿದರು, ಕೊನೆಗೆ ಸಿಟ್ಟೆಲ್ಲ ನನ್ನ ಮೇಲೆ ತಿರುಗಿಸಿದರು.

"ಇಷ್ಟ್ ದಿನಾ ಪ್ರತಿ ಐತವಾರ ಇದರಾಗ ಕುಂತು ಆರಾಮ ಸೇದಾಕತ್ತಿದ್ನಿ, ಒಬ್ಬರಿಗೂ ಗೊತ್ತಾಗಿದ್ದಿಲ್ಲ. ಗಾಡಿ ತೊಳಸೀನಿ ಅಂತ ಒಂದ್ ಮಾತು ಹೇಳಬಾರದೇನ್ರೀ ಅಳಿಯಂದ್ರ?"