ಬೆಳೆಯದ ಹೀರೇಕಾಯಿಗೆ ಸಬ್ಸಿಡಿ

ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಒಂದು ಖಂಡದ ಬೇಸಾಯವನ್ನು ತಿದ್ದುವುದಕ್ಕೆ ಬೇಸಾಯ ಗೊತ್ತಿರಬೇಕೆಂಬ ನಿಯಮ ಎಲ್ಲೂ ಇಲ್ಲ. ಇದ್ದಿದ್ದರೆ ನನಗೆ ಕೆಲಸ ಸಿಗುತ್ತಿರಲಿಲ್ಲ. ಯುರೋಪಿನ ರೈತರ ಸಬ್ಸಿಡಿಯನ್ನು ಹೇಗೆ ಸುಧಾರಿಸಬೇಕು, ಅದಕ್ಕೆ ಹಣ ಎಲ್ಲಿಂದ ತರಬೇಕು ಎಂದು ಮ್ಯಾನ್‌ಹಟನ್ನಿನ ಇಪ್ಪತ್ತೆರಡನೇ ಮಹಡಿಯಲ್ಲಿ ಕುಳಿತು ವರದಿ ಬರೆಯುವುದು ಒಂಬತ್ತು ವರ್ಷಗಳಿಂದ ನನ್ನ ಹೊಟ್ಟೆಪಾಡು. ಯುರೋಪಿನ ಹಸುವನ್ನು ನಾನು ನೋಡಿರುವುದು ಚಾಕೊಲೇಟ್ ಪೊಟ್ಟಣದ ಮೇಲೆ. ಅಲ್ಲಿನ ಗೋಧಿ ಹೊಲವನ್ನು ಒಮ್ಮೆ ಬೆಂಗಳೂರಿಗೆ ಹೋಗುವಾಗ ವಿಮಾನದ ಕಿಟಕಿಯಿಂದ ನೋಡಿದೆ. ಅದು ಗೋಧಿಯೋ ಮೋಡವೋ ಎಂದು ಪಕ್ಕದವರನ್ನು ಕೇಳೋಣವೆಂದರೆ ಅವರು ಗೊರಕೆ ಹೊಡೆಯುತ್ತಿದ್ದರು. ಮೈಸೂರಿನಲ್ಲಿ ನಾನು ಬೆಳೆದ ಬಾಡಿಗೆ ಮನೆಯಲ್ಲಿ ಮಣ್ಣು ಅಂತ ಇದ್ದದ್ದು ತುಳಸಿ ಕುಂಡದಲ್ಲಿ ಮಾತ್ರ. ಅದನ್ನು ಮುಟ್ಟಿದರೂ ಅಜ್ಜಿ ಬೈಯುತ್ತಿದ್ದರು.

ನನ್ನ ಕೆಲಸದ ಬಗ್ಗೆ ಯಾರೂ ಕೇಳುವುದಿಲ್ಲ. ಕೇಳಿದವರು ಒಂದೇ ಸಲ ಕೇಳುತ್ತಾರೆ. ನಾವಿರುವ ಎಡಿಸನ್ ಊರಿನ ಪಾರ್ಟಿಗಳಲ್ಲಿ ಬೇಸ್‌ಮೆಂಟಿಗೆ ನೀರು ನುಗ್ಗಿದ ಕಥೆಯನ್ನು ಅರ್ಧ ಗಂಟೆ ಬಾಯಿಬಿಟ್ಟುಕೊಂಡು ಕೇಳುವ ಮಂದಿ, ನಾನು "ಯುರೋಪಿನಲ್ಲಿ ಏನಪ್ಪಾ ಅಂದ್ರೆ, ರೈತ ಏನು ಬೆಳೀತಾನೆ ಅಂತಲ್ಲ, ಎಷ್ಟು ಭೂಮಿ ಇದೆ ಅಂತ ನೋಡಿ ದುಡ್ಡು ಕೊಡ್ತಾರೆ" ಎಂದು ಶುರು ಮಾಡುತ್ತಲೇ ಕಾರನ್ನು ಯಾರದೋ ಮನೆ ಮುಂದಿನ ಡ್ರೈವ್‌ವೇಗೆ ಅಡ್ಡ ನಿಲ್ಲಿಸಿದ್ದೇನೆಂದು ನೆನಪಿಸಿಕೊಂಡು ಎದ್ದುಹೋಗುತ್ತಾರೆ. ನನ್ನ ಹೆಂಡತಿ ವೈಜಯಂತಿ ಅಷ್ಟೂ ಶ್ರಮ ಪಡುವುದಿಲ್ಲ. ನೇರವಾಗಿ ಮಿಕ್ಸಿ ಹಾಕುತ್ತಾಳೆ.

ಹೀಗಿರುವಾಗ ಈ ಭೂಮಿಯ ಮೇಲೆ ನನ್ನ ಕೆಲಸದ ಬಗ್ಗೆ ಕಿವಿಗೊಟ್ಟು ಕೇಳಿದ ಮೊದಲ ಮನುಷ್ಯರೆಂದರೆ ನಮ್ಮ ಅತ್ತೆ, ವೈಜಯಂತಿಯ ತಾಯಿ. ಧಾರವಾಡದವರು, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು. ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬಂದು ಆರು ತಿಂಗಳು ನಮ್ಮೊಡನೆ ಇರುತ್ತಾರೆ. ಹಿಂದಿನ ಸಲ ಬಂದಾಗ ಹಿತ್ತಲಿನಲ್ಲಿ ನಾಲ್ಕು ಪಾತಿ ಮಾಡಿ ಹೀರೇಕಾಯಿ ಬಿತ್ತಿದ್ದರು. ಆಗಸ್ಟ್ ಬಂತು. ಪಲ್ಯ, ಬಜ್ಜಿ, ತೊವ್ವೆ, ಸಿಪ್ಪೆ ಚಟ್ನಿ ಎಲ್ಲ ಆದವು; ಫ್ರಿಜ್ಜಿನ ಬಾಗಿಲು ಹಾಕುವುದಕ್ಕೆ ಇಬ್ಬರು ಬೇಕಾದರು; ಬಲಿತು ಒಣಗಿದವು ನಾರಾಗಿ ಬಚ್ಚಲಿಗೆ ಬಂದು ನಮ್ಮ ಬೆನ್ನು ಉಜ್ಜಿದವು. ಮಿಕ್ಕಿದ್ದನ್ನು ಹಂಚಲು ಪ್ರತಿ ಶನಿವಾರ ಮಧ್ಯಾಹ್ನ ಅತ್ತೆಯನ್ನು ಕೂರಿಸಿಕೊಂಡು ನಾನು ಮನೆಮನೆಗೆ ಡ್ರೈವ್ ಮಾಡಬೇಕಿತ್ತು. ವೈಜಯಂತಿ ಫಾರ್ಮಸಿಸ್ಟ್, ಅವಳಿಗೆ ಶನಿವಾರವೂ ಡ್ಯೂಟಿ. ಶನಿವಾರ ಮಧ್ಯಾಹ್ನದ ನಿದ್ದೆ ಎಂದರೆ ವಾರವಿಡೀ ಟ್ರೈನಿನಲ್ಲಿ ನಿಂತು ಕಮ್ಯೂಟ್ ಮಾಡುವ ನನಗೆ ಜೀವ. ಅದು ಹೀರೇಕಾಯಿಯ ಪಾಲಾಯಿತು. ಸಾಲದ್ದಕ್ಕೆ, ಕೊಟ್ಟ ಚೀಲವನ್ನು ನಮ್ಮವರು ಯಾರೂ ಖಾಲಿ ಹಿಂದಿರುಗಿಸುವುದಿಲ್ಲವಲ್ಲ, ಏನಾದರೂ ತುಂಬಿಯೇ ಕೊಡಬೇಕು. ಒಂದು ಸಂಜೆ ಯಾರೋ ತುಂಬಿ ಕೊಟ್ಟ ಚೀಲದಲ್ಲಿ ಎಳಸೋ ಬಲಿತದ್ದೋ ಎಂದು ಅತ್ತೆಯೇ ಉಗುರು ಚುಚ್ಚಿ ನೋಡಿದ್ದ ನಮ್ಮದೇ ಹೀರೇಕಾಯಿ, ನಾಲ್ಕು ಮನೆ ಸುತ್ತಿ, ಸ್ವಲ್ಪ ಬಾಡಿ, ವಾಪಸು ಬಂತು.

ಆದ್ದರಿಂದ ಈ ವರ್ಷ ಅತ್ತೆ ಸೂಟ್‌ಕೇಸಿನಿಂದ ಬೀಜದ ಪೊಟ್ಟಣ ತೆಗೆಯುತ್ತಿದ್ದಂತೆ ನನ್ನೊಳಗಿನ ತಜ್ಞ ಎಚ್ಚರಗೊಂಡ. ಚಹಾ ಕುಡಿಯುವಾಗ ಹೇಳಿದೆ, ಯುರೋಪಿನಲ್ಲಿ ಬೆಳೆ ಹೆಚ್ಚಾಗಿ ಎಲ್ಲಿಡುವುದೆಂದು ತಿಳಿಯದೆ ಹೋದಾಗ, ಹೊಲವನ್ನು ಬರಿದು ಬಿಟ್ಟವರಿಗೂ ದುಡ್ಡು ಕೊಟ್ಟರು ಎಂದು.

ಅತ್ತೆ ಬಸಿಯನ್ನು ಕೆಳಗಿಟ್ಟರು. "ಏನಂದ್ರಿ? ಬೆಳಿಲಾರ್ದಕ್ಕ ರೊಕ್ಕ?"

"ಹೌದು ಅತ್ತೆ."

"ಭಾಳ ಶಾಣ್ಯಾ ಮಂದಿ ಬಿಡ್ರಿ. ನಮ್ಮಣ್ಣ ಹನಿ ನೀರಾವರಿ ಸಬ್ಸಿಡಿ ತಗೊಂಡಾನ. ಪೈಪ್ ಇನ್ನೂ ಅಟ್ಟದ ಮ್ಯಾಲ ಸುತ್ತಿ ಇಟ್ಟಾನ. ಅಂವಗ ತಗೊಂಡು ಸುಮ್ಮನ ಕೂಡೂದು ಗೊತ್ತದ, ಆದ್ರ ಸುಮ್ಮನ ಕೂಡೂದಕ್ಕ ಕೊಡ್ತಾರಂತ ಗೊತ್ತಿಲ್ಲ ನೋಡ್ರಿ."

ನಾನು ನನ್ನ ಯೋಜನೆ ಮುಂದಿಟ್ಟೆ. ಬರಿದು ಬಿಟ್ಟ ಒಂದೊಂದು ಪಾತಿಗೂ ತಿಂಗಳಿಗೆ ನನ್ನ ಕಾರಿನಲ್ಲಿ ಒಂದು ರೈಡ್. ಗುಡಿಯೋ, ಓಕ್ ಟ್ರೀ ರೋಡಿನ ಇಂಡಿಯನ್ ಅಂಗಡಿಯೋ, ಗೆಳತಿಯರ ಮನೆಯೋ, ಎಲ್ಲಿಗೆ ಯಾಕೆ ಎಂದು ನಾನು ಕೇಳುವಂತಿಲ್ಲ. ಈ ಊರಿನಲ್ಲಿ ಕಾರು ಓಡಿಸಲಾರದವರು ಮನೆಯಿಂದ ಮೇಲ್‌ಬಾಕ್ಸ್‌ವರೆಗೆ ಮಾತ್ರ ಸ್ವತಂತ್ರರು. ಆದ್ದರಿಂದ ಡಾಲರಿಗಿಂತ ರೈಡೇ ದೊಡ್ಡದು. ನಾಲ್ಕು ಪಾತಿ, ನಾಲ್ಕು ರೈಡ್. ಎಲ್ಲವನ್ನೂ ಒಂದೇ ಭಾನುವಾರ ಮುಗಿಸಿಬಿಟ್ಟರೆ ಶನಿವಾರಗಳೆಲ್ಲ ನನ್ನವು ಎಂದು ಒಳಗೊಳಗೇ ಲೆಕ್ಕ ಹಾಕಿದ್ದೆ. ಅತ್ತೆ ತಕ್ಷಣ ಒಪ್ಪಿದರು. ಮೂವತ್ತು ವರ್ಷ ಗಣಿತ ಹೇಳಿಕೊಟ್ಟವರು ತಕ್ಷಣ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಮರುದಿನ ಆಫೀಸಿನಿಂದ ಬಂದು ನೋಡುತ್ತೇನೆ, ಹಿತ್ತಲಿನಲ್ಲಿ ಹನ್ನೊಂದು ಪಾತಿ. ಅಂದರೆ ಅಗೆದದ್ದೇನೂ ಇಲ್ಲ. ಹುಲ್ಲಿನ ಮೇಲೆ ಕಡ್ಡಿ ಚುಚ್ಚಿ ದಾರ ಕಟ್ಟಿದ್ದರು.

"ಅತ್ತೆ, ಪಾತಿ ನಾಲ್ಕೇ ಅಲ್ವಾ ಇದ್ದದ್ದು?"

"ಈ ವರ್ಷ ಹನ್ನೊಂದು ಮಾಡಾಕಿ ಇದ್ದೆ. ಹನ್ನೊಂದೂ ಬಿಟ್ಟುಕೊಟ್ಟೆ."

ಇದಕ್ಕೆ ಉತ್ತರ ಯುರೋಪಿನವರಿಗೇ ಹೊಳೆದಿಲ್ಲ, ನನಗೆಲ್ಲಿ ಹೊಳೆಯಬೇಕು? ತಪ್ಪು ನನ್ನದೇ. ದಿನಾ ಸಂಜೆ ಚಹಾದ ಹೊತ್ತಿಗೆ ಅತ್ತೆ "ಇವತ್ತ ಯುರೋಪಿನ್ಯಾಗ ಏನಾತ್ರಿ?" ಎಂದು ಕೇಳುತ್ತಿದ್ದರು. ನಾನು, ಹಸಿದವನ ಮುಂದೆ ಎಲೆ ಹಾಕಿದಂತೆ, ಎಲ್ಲವನ್ನೂ ಹೇಳಿಬಿಡುತ್ತಿದ್ದೆ. ಜೇನಿಗೆ ಅನುಕೂಲವಾಗಲೆಂದು ಹೊಲದಂಚಿನಲ್ಲಿ ಹೂವು ಬಿಟ್ಟವರಿಗೆ ಅಲ್ಲಿ ಹೆಚ್ಚುವರಿ ಸಹಾಯ ಕೊಡುತ್ತಾರೆ ಎಂದೆ. ಮರುದಿನ ಅತ್ತೆ ಹುಲ್ಲಿನಲ್ಲಿದ್ದ ಹಳದಿ ಕಳೆಹೂಗಳನ್ನು ತೋರಿಸಿ, ಅವುಗಳ ಮೇಲೆ ಕೂತಿದ್ದ ಒಂದು ನೊಣವನ್ನು ಜೇನೆಂದು ವಾದಿಸಿ, ಎರಡು ರೈಡ್ ಪಡೆದರು. ಅಲ್ಲಿನ ಒಕ್ಕೂಟಕ್ಕೆ ಹೊಸ ದೇಶಗಳು ಸೇರಿದರೆ ಇರುವುದನ್ನೇ ಹಂಚಿಕೊಳ್ಳಬೇಕಾಗುತ್ತದೆ ಎಂದೆ. ಮೂರನೇ ದಿನಕ್ಕೆ ಪಕ್ಕದ ಮನೆಯ ಕೋಕಿಲಾಬೆನ್ ಬೇಲಿಯಾಚೆ ಕೈಮುಗಿದು ನಿಂತಿದ್ದರು. ಮಗನ ಮನೆಯಲ್ಲಿರುವ ಗುಜರಾತಿ ಹೆಂಗಸು, ಅತ್ತೆಯ ವಾರಗೆಯವರು, ಅವರಿಗೂ ಡ್ರೈವಿಂಗ್ ಬರುವುದಿಲ್ಲ. ಗುಜರಾತಿ ಬೆರೆತ ಹಿಂದಿಯಲ್ಲಿದ್ದ ಅವರ ಅಹವಾಲನ್ನು ಅತ್ತೆಯೇ ಅನುವಾದಿಸಿದರು: "ಪಾಪ, ಅಕಿ ಹದಿನಾಲ್ಕು ವರ್ಷ ಆತು, ಏನೂ ಬೆಳದಿಲ್ಲಂತ. ಒಂದು ಮೆಂತ್ಯ ಸುದ್ದಾ ಹಾಕಿಲ್ಲ. ನನಕಿಂತ ಅಕೀದ ಸೀನಿಯಾರಿಟಿ ಜಾಸ್ತಿ."

ಜೂನ್ ಮುಗಿಯುವ ಹೊತ್ತಿಗೆ ನನ್ನ ಸ್ಥಿತಿ ಹೇಗಾಯಿತೆಂದರೆ, ಶನಿವಾರ ಬೆಳಿಗ್ಗೆ ಗುಡಿ, ಮಧ್ಯಾಹ್ನ ಸೀರೆ ಅಂಗಡಿ, ಸಂಜೆ ಭಜನೆ. ಭಾನುವಾರ ಕೋಕಿಲಾಬೆನ್ ಅವರ ಗುಡಿ, ಅವರ ಅಂಗಡಿ, ಅವರ ಭಜನೆ. ಒಂದು ಶನಿವಾರ ಇಬ್ಬರೂ ಸೇರಿ ತೋಟದ ಸಾಮಾನಿನ ಅಂಗಡಿಗೆ ಹೋಗಬೇಕೆಂದರು. ಆರು ಚೀಲ ಸಗಣಿ ಗೊಬ್ಬರ ಕೊಂಡರು. ಎಲ್ಲಿಗೆ ಯಾಕೆ ಎಂದು ಕೇಳಬಾರದೆಂಬ ನಿಯಮ ಮಾಡಿದವನು ನಾನೇ, ಆದ್ದರಿಂದ ಏನೂ ಬೆಳೆಯದವರಿಗೆ ಗೊಬ್ಬರ ಯಾಕೆಂದು ಕೇಳಲಿಲ್ಲ. ಇತ್ತ ಮನೆಯಲ್ಲಿ ಹೀರೇಕಾಯಿ ಬಜ್ಜಿ ತಿನ್ನಬೇಕೆನಿಸಿದರೆ ಅಂಗಡಿಯಿಂದ ತರಬೇಕಾಗಿತ್ತು. ಅದಕ್ಕೂ ನನ್ನದೇ ಒಂದು ರೈಡ್ ಖರ್ಚಾಗುತ್ತಿತ್ತು.

ಕೊನೆಗೆ ಒಂದು ಭಾನುವಾರ ಸಂಜೆ ನಾನು ವರದಿಯ ಧಾಟಿಯಲ್ಲಿ ಘೋಷಿಸಿದೆ. ಸಂಪನ್ಮೂಲದ ಕೊರತೆಯ ಹಿನ್ನೆಲೆಯಲ್ಲಿ ಮುಂದಿನ ತಿಂಗಳಿನಿಂದ ರೈಡುಗಳು ಅರ್ಧಕ್ಕೆ ಇಳಿಯುತ್ತವೆ. ನೊಣ ಇನ್ನು ಜೇನಲ್ಲ. ಕೋಕಿಲಾಬೆನ್ ಅವರ ಸದಸ್ಯತ್ವ ಮರುಪರಿಶೀಲನೆಯಲ್ಲಿದೆ. ಅತ್ತೆ ನನ್ನ ವರದಿಯ ಮುಖಪುಟದ ಫೋಟೋ ನೋಡುತ್ತಾ, "ಇವೇನ್ರಿ, ಇಷ್ಟು ಟ್ರ್ಯಾಕ್ಟರ್ ರಸ್ತೆದಾಗ ನಿಂತಾವ?" ಎಂದು ಕೇಳಿದರು. ಸಬ್ಸಿಡಿ ಕಡಿಮೆ ಮಾಡುತ್ತೇವೆ ಎಂದಾಗಲೆಲ್ಲ ರೈತರು ಟ್ರ್ಯಾಕ್ಟರ್ ತಂದು ರಾಜಧಾನಿಯ ರಸ್ತೆಗೆ ಅಡ್ಡ ನಿಲ್ಲಿಸುತ್ತಾರೆ, ಸರ್ಕಾರಿ ಕಚೇರಿಯ ಮುಂದೆ ಗೊಬ್ಬರ ಸುರಿಯುತ್ತಾರೆ ಎಂದು ನಾನು ವಿವರವಾಗಿ, ಉತ್ಸಾಹದಿಂದ ತಿಳಿಸಿಕೊಟ್ಟೆ.

ಸೋಮವಾರ ಬೆಳಿಗ್ಗೆ ಏಳೂಕಾಲಿನ ಟ್ರೈನ್ ಹಿಡಿಯಬೇಕು. ಒಂಬತ್ತಕ್ಕೆ ಆಫೀಸಿನಲ್ಲಿ ವರದಿಯ ಕೊನೆಯ ಮೀಟಿಂಗ್. ಗ್ಯಾರೇಜಿನ ಬಾಗಿಲು ಮೇಲೆದ್ದಿತು. ಡ್ರೈವ್‌ವೇಯಲ್ಲಿ ಹಿತ್ತಲಿನ ಮಣ್ಣು ಹೊರುವ ನಮ್ಮ ಕೈಗಾಡಿ ಅಡ್ಡ ನಿಂತಿತ್ತು, ಅದರ ಎರಡೂ ಕಡೆ ಆರು ಚೀಲ ಗೊಬ್ಬರ. ಅದರ ಹಿಂದೆ ಮಡಿಸುವ ಕುರ್ಚಿಗಳಲ್ಲಿ ಅತ್ತೆ ಮತ್ತು ಕೋಕಿಲಾಬೆನ್, ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಸ್ನೀಕರ್ಸ್, ಹೂಬತ್ತಿ ಹೊಸೆಯುತ್ತಾ ಕೂತಿದ್ದಾರೆ. ಆ ಗೊಬ್ಬರಕ್ಕೆ ರೈಡ್ ಕೊಟ್ಟವನು ನಾನು. ಚೀಲಗಳನ್ನು ಇಳಿಸಿಕೊಟ್ಟವನೂ ನಾನೇ.

"ಅತ್ತೆ, ಟ್ರೈನ್ ಮಿಸ್ ಆಗುತ್ತೆ, ದಯವಿಟ್ಟು..."

"ಚೀಲ ಇನ್ನೂ ಒಡದಿಲ್ಲ ನೋಡ್ರಿ. ನಾವು ಮರ್ಯಾದಸ್ತ ಮಂದಿ."

ಅಷ್ಟರಲ್ಲಿ ಕೈಯಲ್ಲಿ ನನ್ನ ಕಾಫಿ ಹಿಡಿದುಕೊಂಡು ವೈಜಯಂತಿ ಹೊರಬಂದಳು. ವಿಷಯವೆಲ್ಲ ಕೇಳಿ, "ಅವ್ವಾ, ರೈಡ್ ಬೇಕಂದ್ರ ಬಾಯಿಬಿಟ್ಟು ಕೇಳಬೇಕಿಲ್ಲೋ?" ಅಂದಳು.

ಅತ್ತೆಯ ಕೈ ಬತ್ತಿಯ ಮೇಲೆ ನಿಂತಿತು. "ಕೇಳೂದ ಬ್ಯಾಸರ ವೈಜೂ. ಊರಾಗ ಚಪ್ಪಲ್ ಮೆಟ್ಟಿಕೊಂಡು ಹೊಂಟರ ಹೊಂಟೆ. ಇಲ್ಲೆ ಒಂದು ಟೆಂಗಿನಕಾಯಿ ಬೇಕಂದ್ರೂ ಯಾರದರೆ ಮಾರಿ ನೋಡಬೇಕು. ಹಿಂದಿನ ಸಲ ಅಷ್ಟು ಹೀರಿಕಾಯಿ ಯಾಕ ಹಾಕಿದ್ದೆ ಅಂತೀ? ಕೊಡೂ ನೆವಕ್ಕ ನಾಕು ಮನಿ ನೋಡ್ತಿದ್ದೆ. ಈ ಸಲ ಅಳಿಯಂದ್ರು ಸಬ್ಸಿಡಿ ಅಂದ್ರು. ಸಬ್ಸಿಡಿ ಅಂದ್ರ ಹಕ್ಕು. ಅದನ್ನ ಕೇಳಾಕ ನಾಚಿಕಿ ಇಲ್ಲ."

ನನಗೆ ನಿಜವಾಗಿ ನಾಚಿಕೆಯಾಯಿತು. ಒಂಬತ್ತು ವರ್ಷ ರೈತರ ಬಗ್ಗೆ ಬರೆದೂ ಅವರು ರಸ್ತೆಗೆ ಯಾಕೆ ಬರುತ್ತಾರೆಂದು ನನಗೆ ತಿಳಿದಿರಲಿಲ್ಲ. ಎರಡು ವರ್ಷದ ಹಿಂದೆ ಆ ಮನೆಗಳ ಮುಂದೆ ಕಾರಿನಲ್ಲಿ ಕೂತು ನಾನು ಹಾರ್ನ್ ಒತ್ತುತ್ತಿದ್ದದ್ದೂ ನೆನಪಾಯಿತು.

ವೈಜಯಂತಿ ನಿಂತಲ್ಲೇ ತೀರ್ಪು ಕೊಟ್ಟಳು. ಶನಿವಾರ ಮಧ್ಯಾಹ್ನ ಅವ್ವನಿಗೂ ಕೋಕಿಲಾಬೆನ್‌ಗೂ ರೈಡ್, ಪಾತಿ ಎಷ್ಟೇ ಇರಲಿ, ಯಾರೂ ಕೇಳಬೇಕಿಲ್ಲ. ಅವ್ವ ಮನಸ್ಸಿದ್ದಷ್ಟು ಬೆಳೆಯಲಿ. "ಏನೂ ಮಾಡಲಾರ್ದಕ್ಕ ಕೊಡೂ ಪದ್ಧತಿ ಈ ಮನ್ಯಾಗ ಇವತ್ತಿಂದ ಬಂದ್."

"ಖಂಡಿತ. ನಾನೂ ವರದಿಯಲ್ಲಿ ಅದನ್ನೇ ಬರೆದಿರೋದು" ಎಂದು ಕಾಫಿಗೆ ಕೈ ಚಾಚಿದೆ. ಲೋಟ ಹಿಂದೆ ಸರಿಯಿತು.

"ನಿಮ್ಮದೂ ಬಂದ್."

"ನಂದೇನು?"

"ಮದುವ್ಯಾದ ಹೊಸದಾಗಿ ನೀವು ಒಂದು ಉಪ್ಪಿಟ್ಟು ಮಾಡಿದ್ರಿ, ನೆನಪದನೋ? ಅವತ್ತಿಂದ ಅಡಿಗಿ ಮನಿಗೆ ಬರಬಾರದಂತ ಹೊತ್ತೊತ್ತಿಗೆ ಕಾಫಿ ಕೊಟ್ಟು ಹಾಲ್‌ನ್ಯಾಗ ಕೂಡಿಸೀನಿ. ಹತ್ತೊಂಬತ್ತು ವರ್ಷ ಆತು."

ನಾನು ಆ ಕಾಫಿಯನ್ನು ಪ್ರೀತಿ ಅಂದುಕೊಂಡಿದ್ದೆ. ಕೋಕಿಲಾಬೆನ್‌ಗೆ ಅತ್ತೆ ಇದನ್ನು ಅನುವಾದಿಸಿದರು. ಇಬ್ಬರೂ ನನ್ನನ್ನು ತಮ್ಮವನೇ ಎಂಬಂತೆ ನೋಡಿದರು. ಕೈಗಾಡಿ ಸರಿಯಿತು. ಟ್ರೈನ್ ಹೋಗಿತ್ತು, ಮೀಟಿಂಗ್ ಶನಿವಾರ ಬೆಳಿಗ್ಗೆ ಫೋನಿನಲ್ಲಿ ಎಂದು ಮುಂದಕ್ಕೆ ಹೋಯಿತು.

ಹೊಸ ನೀತಿಯ ಪ್ರಕಾರ ಶುಕ್ರವಾರ ಸಂಜೆ ನಾನು ಅಡಿಗೆಮನೆ ಹೊಕ್ಕು ಹೀರೇಕಾಯಿ ಪಲ್ಯ ಮಾಡಿದೆ. ಹೀರೇಕಾಯಿ ತಾನೇ ನೀರು ಬಿಡುತ್ತದೆ ಎಂದು ಯುರೋಪಿನ ಯಾವ ದಾಖಲೆಯಲ್ಲೂ ಇಲ್ಲದ್ದರಿಂದ ಎರಡು ಲೋಟ ನೀರು ಹಾಕಿದೆ. ಮೇಲಿನ ಏಣುಗಳನ್ನು ಹೆರೆಯಬೇಕೆಂದೂ ಇರಲಿಲ್ಲ. ವೈಜಯಂತಿ ಎರಡು ತುತ್ತಿಗೆ ಎದ್ದಳು. ಅತ್ತೆ ಮಾತ್ರ ಮರ್ಯಾದೆಗೆ ಪೂರ್ತಿ ತಿಂದು, ಬಾಯಿಂದ ನಾರಿನ ಒಂದು ಉಂಡೆ ತೆಗೆದು ತಟ್ಟೆಯ ಅಂಚಿಗಿಟ್ಟರು. ಶನಿವಾರ ಬೆಳಿಗ್ಗೆ ನಾನಿನ್ನೂ ಹಾಸಿಗೆಯಿಂದ ಏಳುವ ಮೊದಲೇ ಬಿಸಿ ಕಾಫಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು.

"ತಗೋರಿ ಅಳಿಯಂದ್ರ. ಹಾಲ್‌ನ್ಯಾಗ ಕೂತು ಕುಡೀರಿ. ಕುಡದಾದ್ ಮ್ಯಾಲ ಇನ್ನೊಂದು ಕೊಡ್ತೀನಿ. ಆ ಕಡೆ ಮಾತ್ರ ಬರಬ್ಯಾಡ್ರಿ."

ಕಾಫಿ ಬಲು ಸೊಗಸಾಗಿತ್ತು. ಮೀಟಿಂಗಿಗೆ ಇನ್ನೂ ಅರ್ಧ ಗಂಟೆಯಿತ್ತು. ಬರಿದು ಬಿಟ್ಟ ಭೂಮಿಗೆ ಕೊಡುವ ಸಬ್ಸಿಡಿಯನ್ನು ಪೂರ್ತಿ ರದ್ದು ಮಾಡಬೇಕೆಂದು ಒಂಬತ್ತು ವರ್ಷಗಳಿಂದ ನಾನು ಬರೆಯುತ್ತಾ ಬಂದಿದ್ದ ವಾಕ್ಯವನ್ನು ಹುಡುಕಿ ಅಳಿಸಿದೆ. ಕೆಲವು ಭೂಮಿಗಳಲ್ಲಿ ಏನನ್ನೂ ಬೆಳೆಯದಂತೆ ನೋಡಿಕೊಳ್ಳುವುದೇ ಸುತ್ತಲಿನವರ ಆರೋಗ್ಯಕ್ಕೆ ಒಳ್ಳೆಯದು, ಇದಕ್ಕೆ ತಗಲುವ ಖರ್ಚನ್ನು ಯಾವ ಕಾರಣಕ್ಕೂ ಕಡಿತಗೊಳಿಸಬಾರದು ಎಂದು ಬರೆದು, ಎರಡನೇ ಕಾಫಿಗೆ ಕಾಯುತ್ತಾ ಕೂತೆ.